ಹಿತ್ತಲ ಕೋಳಿಗೆ ಏನು ಹಾಕೋಣ: ಕಾಳೋ, ಲೇಯರ್ ಮ್ಯಾಶೋ, ಮನೆಯಲ್ಲೇ ಕಲಸಿದ್ದೋ?

ಹೋದ ವರ್ಷ ಮಾರ್ಚ್ ತಿಂಗಳ ಒಂದು ಮುಂಜಾನೆ ಕೋಳಿಬುಟ್ಟಿಗೆ ಕೈ ಹಾಕಿದೆ. ತತ್ತಿ ಕೈಗೆ ಮೆತ್ತಗೆ ಹತ್ತಿತು. ಎತ್ತುವಷ್ಟರಲ್ಲಿ ಹೆಬ್ಬೆರಳು ಒಳಗಿಳಿದು ಲೋಳೆಯೆಲ್ಲ ಮುಂಗೈಗುಂಟ ಹರಿಯಿತು. ಚಿಪ್ಪು ಅನ್ನುವುದೇ ಇರಲಿಲ್ಲ, ಒದ್ದೆ ಹಪ್ಪಳದಂಥ ಬರೀ ಪೊರೆ. ಆ ವಾರದಲ್ಲಿ ಅಂಥ ತತ್ತಿ ಇನ್ನೂ ಮೂರು ಬಂದವು. ಕೋಳಿಗಳು ಮಾತ್ರ ನೋಡಲು ದುಂಡದುಂಡಗೆ ಚೆನ್ನಾಗಿಯೇ ಇದ್ದವು, ಹೊಟ್ಟೆ ಬಿರಿಯುವಷ್ಟು ಜೋಳ ತಿನ್ನುತ್ತಿದ್ದವು. ತೊಂದರೆ ಇದ್ದದ್ದು ಅಲ್ಲೇ.

ಧಾರವಾಡದ ಅಂಚಿನಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಎರಡು ಜವಾರಿ ಹ್ಯಾಟಿ, ಅಂದರೆ ನಾಟಿ ಹೆಣ್ಣುಕೋಳಿ, ನಾಲ್ಕು ಸ್ವರ್ಣಧಾರ ಎಂಬ ಸುಧಾರಿತ ತಳಿಯವು. ಕೋಳಿ ತಂದಾಗ ಏನು ಹಾಕಬೇಕು ಎಂದು ಅವ್ವನನ್ನು ಕೇಳಿದ್ದೆ. "ಹಿಡಿ ಜ್ವಾಳಾ ಚೆಲ್ಲು, ಉಳಿದದ್ದ ಅವ ಹುಡುಕ್ಯಾಡಿ ತಿಂತಾವ" ಎಂದಿದ್ದಳು. ಹಾವೇರಿ ಕಡೆಯ ಹಳ್ಳಿಯಲ್ಲಿ ಅವಳ ಕೋಳಿಗಳು ಹಾಗೇ ಬದುಕಿದವು. ಬೆಳಗಾದರೆ ತಿಪ್ಪೆ, ಮಧ್ಯಾಹ್ನ ಕಣ, ಸಂಜೆ ಬಣವಿಯ ಬುಡ. ಹುಳ, ಗೆದ್ದಲು, ಸೊಪ್ಪು, ಬೀಜ, ಗೋಡೆಯಿಂದ ಉದುರಿದ ಸುಣ್ಣ, ಎಲ್ಲವನ್ನೂ ಕೆದರಿ ತಿನ್ನುತ್ತಿದ್ದವು. ಹತ್ತು ಹನ್ನೆರಡು ತತ್ತಿ ಇಟ್ಟು ಕಾವಿಗೆ ಕೂತರೆ ಮುಂದಿನ ತತ್ತಿಗೆ ಎರಡು ಮೂರು ತಿಂಗಳು. ಅವಳ ಮಾತು ಅವಳ ಕೋಳಿಗೆ ನಿಜ. ಹದಿನೈದು ಅಡಿ ಅಗಲದ ಹಿತ್ತಲಲ್ಲಿ ವಾರಕ್ಕೆ ನಾಲ್ಕು ತತ್ತಿ ಇಡುವ ಕೋಳಿಗೆ ಅದೇ ಮಾತು ಹೊಂದುವುದಿಲ್ಲ.

ಹಾಗಾಗಿ ಯಾವ ಮೇವು ಒಳ್ಳೆಯದು ಎಂದು ಕೇಳುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ನಿಮ್ಮ ಕೋಳಿ ವರ್ಷಕ್ಕೆ ಎಷ್ಟು ತತ್ತಿ ಇಡುತ್ತದೆ? ಅದಕ್ಕೆ ಕೆದರಲು ಎಷ್ಟು ಜಾಗ ಇದೆ? ಜವಾರಿ ಹ್ಯಾಟಿ ವರ್ಷಕ್ಕೆ 50ರಿಂದ 80 ಇಡುತ್ತದೆ. 1989ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೊರತಂದ ಗಿರಿರಾಜ 130ರಿಂದ 150. ಸ್ವರ್ಣಧಾರ 180ರ ಆಸುಪಾಸು. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ಗ್ರಾಮಪ್ರಿಯ ಒಳ್ಳೆಯ ಮೇವು ಸಿಕ್ಕರೆ 200 ದಾಟುತ್ತದೆ. ಫಾರ್ಮಿನಿಂದ ತಂದ ಬಿಳಿ ಅಥವಾ ಕಂದು ಲೇಯರ್, ಅಂದರೆ ತತ್ತಿಗೆಂದೇ ಬೆಳೆಸಿದ ತಳಿ, ಆದರೆ 300ರ ಹತ್ತಿರ.

55 ಗ್ರಾಂ ತೂಗುವ ಒಂದು ತತ್ತಿಯಲ್ಲಿ ಆರೂವರೆ ಗ್ರಾಂ ಹತ್ತಿರ ಪ್ರೋಟೀನು ಇರುತ್ತದೆ. ಚಿಪ್ಪು ಐದು ಗ್ರಾಂಗಿಂತ ತುಸು ಹೆಚ್ಚು, ಅದರಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಎರಡು ಗ್ರಾಂ. ಜವಾರಿ ಕೋಳಿ ಇದನ್ನು ವರ್ಷಕ್ಕೆ 60 ಸಲ ಕೊಟ್ಟರೆ ಸ್ವರ್ಣಧಾರ 180 ಸಲ ಕೊಡಬೇಕು. ಎರಡಕ್ಕೂ ಒಂದೇ ಹಿಡಿ ಜೋಳ ಸಾಕು ಎಂದರೆ ಆ ಹೆಚ್ಚಿನದು ಎಲ್ಲಿಂದ ಬರಬೇಕು? ಕೋಳಿಯ ಎಲುಬಿನಿಂದಲೇ ಬರುತ್ತದೆ. ಮೊದಲು ಚಿಪ್ಪು ತೆಳುವಾಗುತ್ತದೆ, ಆಮೇಲೆ ಪೊರೆ ಮಾತ್ರ ಉಳಿಯುತ್ತದೆ. ತೀರಾ ಮುಂದೆ ಹೋದರೆ ಕೋಳಿ ಕಾಲೂರಿ ನಿಲ್ಲಲಾರದೆ ಕೂತುಬಿಡುತ್ತದೆ.

ಇರುವ ದಾರಿಗಳು

ಬರೀ ಕಾಳು. ಸಂತೆಯಲ್ಲಿ ಸಿಗುತ್ತದೆ, ಮನೆಯ ಕಣಜದಲ್ಲೇ ಇರುತ್ತದೆ, ಕೋಳಿಗೆ ಪ್ರಾಣಕ್ಕಿಂತ ಇಷ್ಟ. ಜೋಳ, ಗೋವಿನಜೋಳ (ಮೆಕ್ಕೆಜೋಳ), ಸಜ್ಜೆ, ಗೋದಿ ಯಾವುದೇ ಇರಲಿ, ಪ್ರೋಟೀನು ಶೇ. 9ರಿಂದ 12ರ ಒಳಗೆ. ತತ್ತಿ ಇಡುವ ಕೋಳಿಗೆ ಬೇಕಾದದ್ದು ಶೇ. 16ರಿಂದ 18. ಅದಕ್ಕಿಂತ ದೊಡ್ಡ ಕೊರತೆ ಸುಣ್ಣದ್ದು. ನೂರು ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಇರುವುದು 25 ಮಿಲಿಗ್ರಾಂ ಆಸುಪಾಸು, ಏನೇನೂ ಸಾಲದು. ರಾಗಿಯಲ್ಲಿ ಸುಣ್ಣ ಜಾಸ್ತಿ, ರಾಗಿ ಹಾಕಿದರೆ ಆಯಿತಲ್ಲ ಎಂದು ಒಬ್ಬರು ಕೇಳಿದ್ದರು. ಕಾಳುಗಳಲ್ಲಿ ರಾಗಿಯೇ ಮುಂದು ಎಂಬುದು ನಿಜ. ಆದರೂ ನೂರು ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಮಾತ್ರ. ಕೋಳಿಗೆ ದಿನಕ್ಕೆ ಬೇಕಾದದ್ದು ನಾಲ್ಕು ಗ್ರಾಂ ಹತ್ತಿರ. ಮನುಷ್ಯರ ಲೆಕ್ಕ ಕೋಳಿಗೆ ಹಿಡಿಯುವುದಿಲ್ಲ.

ಬರೀ ಲೇಯರ್ ಮ್ಯಾಶ್. ಚೀಲದಲ್ಲಿ ಬರುವ ಪುಡಿ ಮೇವು. ಪ್ರೋಟೀನು ಶೇ. 17ರ ಸುಮಾರು, ಸುಣ್ಣ ಶೇ. 3.5ರಿಂದ 4, ಖನಿಜ, ವಿಟಮಿನ್, ಮೆಥಿಯೊನೀನ್, ಲೈಸೀನ್ ಎಲ್ಲ ಲೆಕ್ಕ ಹಾಕಿ ಸೇರಿಸಿರುತ್ತಾರೆ. ಈ ಕೊನೆಯ ಎರಡು ಪ್ರೋಟೀನಿನ ಭಾಗಗಳು, ಕಾಳಿನಲ್ಲಿ ಕಡಿಮೆ ಬೀಳುವುದೇ ಇವು. ಬೇರೆ ಏನೂ ಹಾಕದೆ ಇದೊಂದನ್ನೇ ಇಟ್ಟರೂ ಕೋಳಿ ವರ್ಷವಿಡೀ ತತ್ತಿ ಕೊಡುತ್ತದೆ. ಪೋಷಣೆಯ ಲೆಕ್ಕದಲ್ಲಿ ಇದಕ್ಕೆ ಸರಿಸಾಟಿ ಇಲ್ಲ. ಆದರೆ ಹಿತ್ತಲಲ್ಲಿ ಕೆದರಿ ಬದುಕುವ ಕೋಳಿಗೆ ದಿನಪೂರ್ತಿ ಪುಡಿಯೊಂದೇ ಎಂದರೆ ಮಾಡಲು ಕೆಲಸವಿಲ್ಲದೆ ಒಂದರ ಪುಚ್ಚ ಒಂದು ಕೀಳಲು ಶುರುಮಾಡುತ್ತದೆ. ಖರ್ಚೂ ಹೆಚ್ಚು.

ಮುಂಜಾನೆ ಮ್ಯಾಶ್, ಸಂಜೆ ಕಾಳು. ನಾನು ಈಗ ಮಾಡುತ್ತಿರುವುದು ಇದನ್ನೇ, ಹುಬ್ಬಳ್ಳಿ-ಧಾರವಾಡದಂಥ ಊರಿನ ಹಿತ್ತಲಿಗೆ ನಾನು ಹೇಳುವುದೂ ಇದನ್ನೇ. ಅಳತೆ ಮಾತ್ರ ಬಿಗಿಯಾಗಿರಬೇಕು. ಆ ಅಳತೆಯ ವಿಷಯ ಕೆಳಗೆ ಬಿಡಿಸಿ ಹೇಳುತ್ತೇನೆ.

ಕಾನ್ಸಂಟ್ರೇಟ್ ತಂದು ಮನೆಯ ಗೋವಿನಜೋಳಕ್ಕೆ ಬೆರೆಸುವುದು. ರಾಣೆಬೆನ್ನೂರು, ಹಿರೇಕೆರೂರು, ಹಾನಗಲ್ಲ ಕಡೆ ಮನೆಯಲ್ಲೇ ಗೋವಿನಜೋಳ ಬೆಳೆಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಕಾಣೆ. ಕಾನ್ಸಂಟ್ರೇಟ್ ಎಂದರೆ ಪ್ರೋಟೀನು, ಖನಿಜ, ವಿಟಮಿನ್ ಗಟ್ಟಿಯಾಗಿ ತುಂಬಿದ ಪುಡಿ. ಚೀಲದ ಮೇಲೆ ಇಷ್ಟು ಪಾಲು ಇದು, ಇಷ್ಟು ಪಾಲು ಗೋವಿನಜೋಳ ಎಂದು ಬರೆದಿರುತ್ತದೆ. ಸುಣ್ಣ ಅದರೊಳಗೇ ಇದೆಯೋ ಬೇರೆ ಹಾಕಬೇಕೋ ಅದನ್ನೂ ಚೀಲದ ಮೇಲೆಯೇ ಓದಿಕೊಳ್ಳಿ. ಹತ್ತಕ್ಕಿಂತ ಕಡಿಮೆ ಕೋಳಿ ಇದ್ದವರಿಗೆ ಚೀಲ ಮುಗಿಯುವಷ್ಟರಲ್ಲಿ ಹಳತಾಗುತ್ತದೆ, ಅಷ್ಟೇ.

ಪೂರಾ ಮನೆಯಲ್ಲೇ ಕಲಸುವುದು. ಹದಿನೈದು ಇಪ್ಪತ್ತು ಕೋಳಿ ಇದ್ದರೆ ಯೋಚಿಸಬಹುದು. ಹತ್ತು ಕಿಲೋಗೆ ಒಂದು ಲೆಕ್ಕ ಹೀಗೆ: ಗೋವಿನಜೋಳದ ನುಚ್ಚು 5.6 ಕಿಲೋ, ಸೋಯಾ ಹಿಂಡಿ 2.1, ಶೇಂಗಾ ಹಿಂಡಿ ಅರ್ಧ, ಗೋದಿ ಬೂಸಾ 600 ಗ್ರಾಂ, ಕಪ್ಪೆಚಿಪ್ಪಿನ ನುಚ್ಚು ಅಥವಾ ಸುಣ್ಣಕಲ್ಲಿನ ಹರಳು 900 ಗ್ರಾಂ, ಕೋಳಿಗೆಂದೇ ಬರುವ ಖನಿಜ ಮಿಶ್ರಣ 250 ಗ್ರಾಂ, ಉಪ್ಪು 30 ಗ್ರಾಂ, ವಿಟಮಿನ್ ಮತ್ತು ಮೆಥಿಯೊನೀನ್ ಸೇರಿ 20 ಗ್ರಾಂ. ಪ್ರೋಟೀನು ಶೇ. 17 ದಾಟುತ್ತದೆ, ಸುಣ್ಣವೂ ಸರಿಹೋಗುತ್ತದೆ. ಕೊನೆಯ 20 ಗ್ರಾಮನ್ನು ನೇರವಾಗಿ ರಾಶಿಗೆ ಸುರಿಯಬೇಡಿ. ಮೊದಲು ಒಂದು ಬೊಗಸೆ ನುಚ್ಚಿನಲ್ಲಿ ಬೆರೆಸಿ, ಅದನ್ನು ಒಂದು ಕಿಲೋಗೆ, ಅದನ್ನು ಹತ್ತು ಕಿಲೋಗೆ ಬೆರೆಸಿ. ಇಲ್ಲದಿದ್ದರೆ ಒಂದು ಕೋಳಿಗೆ ಎಲ್ಲ ಸಿಕ್ಕು ಇನ್ನೊಂದಕ್ಕೆ ಏನೂ ಸಿಗದು. ಇದೇ ಅಳತೆಗೆ ದನದ ಖನಿಜ ಮಿಶ್ರಣ ನಡೆಯುವುದಿಲ್ಲ. ದನದ ಪಶು ಆಹಾರವಂತೂ ಬೇಡವೇ ಬೇಡ. ಕೆಲವು ಚೀಲಗಳಲ್ಲಿ ಯೂರಿಯಾ ಇರುತ್ತದೆ. ಎಮ್ಮೆಯ ಹೊಟ್ಟೆ ಅದನ್ನು ಪ್ರೋಟೀನು ಮಾಡಿಕೊಳ್ಳುತ್ತದೆ, ಕೋಳಿಗೆ ಅದರಿಂದ ಉಪಯೋಗವಿಲ್ಲ, ಹೆಚ್ಚಾದರೆ ಕೆಡುಕೇ.

ಚೀಲ ಕೊಳ್ಳುವಾಗ ಇನ್ನೊಂದು ಎಚ್ಚರ. ಒಮ್ಮೆ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಲೇಯರ್ ಮೇವು ಕೇಳಿದರೆ "ಇದೂ ಅದs ರೀ, ಇನ್ನೂ ಛಲೋ" ಎಂದು ಮಾಂಸದ ಕೋಳಿಗೆ ಹಾಕುವ ಬ್ರಾಯ್ಲರ್ ಫಿನಿಶರ್ ಮೇವು ಕೊಟ್ಟರು. ಕಾಳುಕಾಳಾಗಿ ಚೆಂದ ಇತ್ತು, ಕೋಳಿಗಳು ಮುಗಿಬಿದ್ದು ತಿಂದವು. ಪ್ರೋಟೀನೇನೋ ಧಾರಾಳ, ಆದರೆ ಸುಣ್ಣ ಶೇ. 1ರ ಆಸುಪಾಸು ಮಾತ್ರ. ಮಾಂಸದ ಕೋಳಿಗೆ ಚಿಪ್ಪು ಕಟ್ಟುವ ಕೆಲಸವಿಲ್ಲವಲ್ಲ. ಎರಡೇ ವಾರದಲ್ಲಿ ತತ್ತಿ ಮುಟ್ಟಿದರೆ ಬಿರುಕು. ಚೀಲಕ್ಕೆ ಹೊಲಿದ ಚೀಟಿಯಲ್ಲಿ "ಲೇಯರ್" ಎಂಬ ಅಕ್ಷರ, ತಯಾರಾದ ತಾರೀಖು ಎರಡನ್ನೂ ನೋಡದೆ ದುಡ್ಡು ಕೊಡಬೇಡಿ. ಇದರ ತಿರುಗಾಮುರುಗಾ ತಪ್ಪೂ ಇದೆ. ಇನ್ನೂ ತತ್ತಿಗೆ ಬಾರದ ಎಳೆ ಹ್ಯಾಟಿಗಳಿಗೆ ಲೇಯರ್ ಮ್ಯಾಶ್ ಹಾಕಿದರೆ ಅಷ್ಟು ಸುಣ್ಣವನ್ನು ಹೊರಹಾಕಲಾರದೆ ಅವುಗಳ ಮೂತ್ರಪಿಂಡ ಕೆಡುತ್ತದೆ. 18 ವಾರದ ತನಕ ಬೆಳೆಯುವ ಕೋಳಿಯ ಗ್ರೋವರ್ ಮೇವು, ಮೊದಲ ತತ್ತಿಗಳು ಕಂಡಮೇಲೆ ಲೇಯರ್.

ಒಂದು ಹಿಡಿ ಎಂದರೆ ಎಷ್ಟು

ನನ್ನ ತಪ್ಪು ನನಗೆ ಅರ್ಥವಾದದ್ದು ಅಡುಗೆಮನೆಯ ತಕ್ಕಡಿಯಲ್ಲಿ. ಮೆತ್ತನೆ ತತ್ತಿ ಬಂದ ವಾರ ಒಂದು ಹಿಡಿ ಜೋಳ ತೂಗಿ ನೋಡಿದೆ. 45 ಗ್ರಾಂ ಬಂತು. ಮುಂಜಾನೆ ಮ್ಯಾಶ್ ಇಡುತ್ತಿದ್ದೆ ನಿಜ, ಆದರೆ ಕೋಳಿಗೊಂದು ಹಿಡಿಯಂತೆ ಜೋಳವನ್ನೂ ಚೆಲ್ಲುತ್ತಿದ್ದೆ. ಅವು ಜೋಳಕ್ಕೆ ಕಾದು ಕೂತು ಮ್ಯಾಶಿಗೆ ಬಾಯಿ ಹಾಕುತ್ತಿರಲಿಲ್ಲ.

ಒಂದು ಕೋಳಿ ದಿನಕ್ಕೆ ತಿನ್ನುವುದು ಒಟ್ಟು 110 ಗ್ರಾಂ ಎಂದಿಟ್ಟುಕೊಳ್ಳಿ. ಪೂರಾ ಮ್ಯಾಶ್ ಆದರೆ ಹತ್ತೊಂಬತ್ತು ಗ್ರಾಂ ಹತ್ತಿರ ಪ್ರೋಟೀನು, ನಾಲ್ಕು ಗ್ರಾಂ ಸುಣ್ಣ. ಅದರಲ್ಲಿ 45 ಗ್ರಾಂ ಜಾಗವನ್ನು ಜೋಳ ಹಿಡಿದರೆ ಮ್ಯಾಶಿಗೆ ಉಳಿಯುವುದು 65 ಗ್ರಾಂ. ಪ್ರೋಟೀನು ಹದಿನೈದೂವರೆಗೆ ಇಳಿಯುತ್ತದೆ, ಸುಣ್ಣ 2.4 ಗ್ರಾಂಗೆ. ತಿಂದ ಸುಣ್ಣದಲ್ಲಿ ಮೈಗೆ ಹತ್ತುವುದು ಅರ್ಧದ ಆಸುಪಾಸು. ಅಂದರೆ ಎರಡು ಗ್ರಾಂ ಬೇಕಾದ ಚಿಪ್ಪಿಗೆ ಸಿಗುವುದು ಒಂದೂ ಕಾಲು ಗ್ರಾಂ. ಒಂದು ದಿನ ಎಲುಬಿನಿಂದ ಕಡ ತಂದು ನಡೆಸಬಹುದು. ತಿಂಗಳುಗಟ್ಟಲೆ ಆಗುವುದಿಲ್ಲ.

ಅದೇ ಜೋಳವನ್ನು 10ರಿಂದ 15 ಗ್ರಾಂಗೆ ಇಳಿಸಿದರೆ ಪ್ರೋಟೀನು ಹದಿನೇಳೂವರೆ ಗ್ರಾಂ ಮೇಲೆ ನಿಲ್ಲುತ್ತದೆ, ಸುಣ್ಣ ಮೂರೂವರೆಗೆ. ಇಷ್ಟಾದರೆ ನಡೆಯುತ್ತದೆ. ಆರು ಕೋಳಿಗೂ ಸೇರಿ ಎರಡು ಹಿಡಿ, ಅದಕ್ಕೆ ಮೇಲೆ ಒಂದು ಕಾಳೂ ಬೇಡ. ಬಾಯಿರುಚಿಗೆ ಹಾಕುವ ಕಾಳು, ಸೊಪ್ಪು, ಮನೆಯ ಉಳಿಕೆ ಎಲ್ಲ ಸೇರಿ ಒಣ ತೂಕದಲ್ಲಿ ದಿನದ ಮೇವಿನ ಹತ್ತನೇ ಒಂದು ಪಾಲು ಎಂದು ತಿಳಿದವರು ಹೇಳುವುದು ಈ ಲೆಕ್ಕಕ್ಕೇ.

ಹೊತ್ತಿನ ವಿಷಯವೂ ಅಷ್ಟೇ ಮುಖ್ಯ. ಬೆಳಗ್ಗೆ ಕೋಳಿ ಹಸಿದಿರುತ್ತದೆ, ಏನಿಟ್ಟರೂ ತಿನ್ನುತ್ತದೆ, ಆಗ ಮ್ಯಾಶ್ ಇಡಬೇಕು. ಕಾಳು ಗೂಡಿಗೆ ಹೋಗುವ ಅರ್ಧ ತಾಸು ಮೊದಲು. ಕಾಳು ನಿಧಾನ ಕರಗುತ್ತದೆ, ಡಿಸೆಂಬರ್-ಜನವರಿಯ ಥಂಡಿ ರಾತ್ರಿಯಲ್ಲಿ ಹೊಟ್ಟೆ ಬೆಚ್ಚಗಿರುತ್ತದೆ. "ಬಾ ಬಾ ಬಾ" ಎಂದು ಕರೆದು ನಾಲ್ಕು ಕಾಳು ಚೆಲ್ಲಿದರೆ ಬೇಲಿಯಾಚೆ ಹೋದವೂ ಓಡಿ ಬರುತ್ತವೆ, ಎಣಿಸಿ ಗೂಡು ಮುಚ್ಚಬಹುದು. ಯಾವ ಹ್ಯಾಟಿ ಹಿಂದೆ ಉಳಿಯಿತು, ಯಾವುದು ಕುಂಟುತ್ತಿದೆ ಎಂಬುದು ಆ ಓಟದಲ್ಲೇ ಕಣ್ಣಿಗೆ ಬೀಳುತ್ತದೆ. ಕಾಳಿನಿಂದ ನನಗೆ ಆಗಿರುವ ಅತಿ ದೊಡ್ಡ ಉಪಕಾರ ಇದು.

ಯಾವ ಕಾಳು

ನಮ್ಮ ಬಿಳಿಜೋಳ, ಹಿಂಗಾರಿನದು, ಸಂಜೆ ಕಾಳಿಗೆ ನನ್ನ ಮೊದಲ ಆಯ್ಕೆ. ಗಾತ್ರ ಕೋಳಿಯ ಕೊಕ್ಕಿಗೆ ಹೇಳಿ ಮಾಡಿಸಿದಂತೆ, ಒಡೆಯುವ ಕೆಲಸವಿಲ್ಲ. ನವಲಗುಂದ, ನರಗುಂದ, ರೋಣದ ಎರೆಹೊಲದ ಜೋಳ ಫೆಬ್ರುವರಿ-ಮಾರ್ಚ್ ಒಣಬಿಸಿಲಲ್ಲಿ ಕೊಯ್ಲಿಗೆ ಬರುವುದರಿಂದ ಬೂಸ್ಟು ಹಿಡಿಯುವ ಭಯವೂ ಕಡಿಮೆ. ಕೆಂಪು ಕಪ್ಪು ಸಿಪ್ಪೆಯ ಕೆಲವು ಜೋಳದಲ್ಲಿ ಟ್ಯಾನಿನ್ ಎಂಬ ಒಗರು ಇರುತ್ತದೆ, ಅದು ಪ್ರೋಟೀನು ಅರಗದಂತೆ ತಡೆಯುತ್ತದೆ. ಬಿಳಿಜೋಳದಲ್ಲಿ ಆ ತಕರಾರು ಇಲ್ಲ.

ಗೋವಿನಜೋಳದಲ್ಲಿ ಕಸುವು ಹೆಚ್ಚು, ಹಳದಿ ಬಣ್ಣವೂ ಅದರಿಂದಲೇ. ಬರೀ ಬಿಳಿಜೋಳ ತಿಂದ ಕೋಳಿಯ ತತ್ತಿಯ ಭಂಡಾರ, ಅಂದರೆ ಒಳಗಿನ ಹಳದಿ, ಬಿಳಿಚಿಕೊಳ್ಳುತ್ತದೆ, ಗೋವಿನಜೋಳ ತಿಂದದ್ದರ ಭಂಡಾರ ಅರಿಶಿನದಂತೆ ಇರುತ್ತದೆ. ಆದರೆ ಎರಡು ತೊಡಕು. ಒಂದು, ಹೆಚ್ಚಾದರೆ ಕೋಳಿ ಕೊಬ್ಬುತ್ತದೆ. ಓಡಾಟವಿಲ್ಲದ ಹ್ಯಾಟಿಯ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ, ಬೇಸಿಗೆಯಲ್ಲಿ ಒಳಗೇ ರಕ್ತ ಒಡೆದು, ನಿನ್ನೆ ತತ್ತಿ ಇಟ್ಟ ಕೋಳಿ ಇವತ್ತು ಸತ್ತು ಬಿದ್ದಿರುತ್ತದೆ. ಎರಡು, ಬೂಸ್ಟು. ಅಕ್ಟೋಬರ್-ನವೆಂಬರಿನಲ್ಲಿ ಹಾವೇರಿ ಜಿಲ್ಲೆಯ ರಸ್ತೆಗಳ ಉದ್ದಕ್ಕೂ ಗೋವಿನಜೋಳ ಹರವಿರುವುದನ್ನು ನೋಡಿದ್ದೀರಲ್ಲ. ಅದೇ ಹೊತ್ತಿಗೆ ಹಿಂಗಾರಿ ಮಳೆ ಬಂದು ತೊಯ್ಸುತ್ತದೆ. ತೇವ ಶೇ. 13-14 ದಾಟಿದ ಕಾಳಿನಲ್ಲಿ ಹಸಿರು ಬೂಸ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತದೆ. ತೊಳೆದರೆ, ಬಿಸಿಲಿಗೆ ಹಾಕಿದರೆ, ಕುದಿಸಿದರೆ ಅದು ಹೋಗುವುದಿಲ್ಲ. ಮನುಷ್ಯರಿಗೆ ಆಗದ ಕಾಳು ಕೋಳಿಗೆ ಆದೀತು ಎಂದು ಅಗ್ಗಕ್ಕೆ ಮಾರುವ ಕಾಳು ಇಂಥದ್ದೇ. ಹಲ್ಲಿಗೆ ಹಾಕಿ ಕಡಿದರೆ ಕಟ್ ಎನ್ನಬೇಕು, ಮೂಸಿದರೆ ಮುಗ್ಗು ವಾಸನೆ ಬರಬಾರದು, ಮೊಳಕೆಯ ತುದಿ ಕಪ್ಪಾಗಿರಬಾರದು. ಇಡೀ ಕಾಳು ಜವಾರಿ ಕೋಳಿಗೆ ದೊಡ್ಡದಾಗುತ್ತದೆ, ಗಿರಣಿಯಲ್ಲಿ ಎರಡು ಮೂರು ಹೋಳಾಗುವಂತೆ ಒಡೆಸಿ. ಒಡೆಸಿದ್ದು ಬೇಗ ಕೆಡುವುದರಿಂದ ಹದಿನೈದು ದಿನಕ್ಕಾಗುವಷ್ಟು ಮಾತ್ರ.

ಸಜ್ಜೆ ಸಿಕ್ಕರೆ ಬಿಡಬೇಡಿ, ಪ್ರೋಟೀನು ಜೋಳಕ್ಕಿಂತ ತುಸು ಹೆಚ್ಚೇ, ಕೋಳಿಗಳಿಗೆ ಅಷ್ಟೇ ಪ್ರೀತಿ. ಸಾವೆ, ನವಣೆ ಸಿಪ್ಪೆಸಮೇತ ಚೆಲ್ಲಿದರೆ ಕೆದರಾಟಕ್ಕೆ ಚೆನ್ನ. ಗೋದಿ ನಡೆಯುತ್ತದೆ. ನುಚ್ಚಕ್ಕಿ, ಚುರುಮುರಿ ಬರೀ ಹೊಟ್ಟೆ ತುಂಬಿಸುತ್ತವೆ. ಚುರುಮುರಿಯಲ್ಲಿ ಉಪ್ಪು ಬೇರೆ ಇರುತ್ತದೆ.

ಬೇಳೆಕಾಳಿನ ವಿಷಯದಲ್ಲಿ ಜಾಗ್ರತೆ ಬೇಕು. ಧಾರವಾಡ, ಹಾವೇರಿಯಲ್ಲಿ ಸೋಯಾಬೀನ್ ಹೊಲಹೊಲದಲ್ಲಿ ಇದೆ, ಪ್ರೋಟೀನು ಜಾಸ್ತಿ ಎಂದು ಹಸಿ ಕಾಳನ್ನೇ ಕೋಳಿಗೆ ಹಾಕುವವರಿದ್ದಾರೆ. ಹಸಿ ಸೋಯಾದಲ್ಲಿ ಪ್ರೋಟೀನು ಅರಗಿಸುವ ರಸವನ್ನೇ ಕಟ್ಟಿಹಾಕುವ ಅಂಶ ಇದೆ. ಚೆನ್ನಾಗಿ ಹುರಿದರೆ ಅದು ಹೋಗುತ್ತದೆ. ಹುರುಳಿ, ಅವರೆಯೂ ಹಸಿಯಾಗಿ ಬೇಡ, ಬೇಯಿಸಿ ಕೊಡಿ.

ಹಿಂಡಿಗಳಲ್ಲಿ ಶೇಂಗಾ ಹಿಂಡಿ ಪ್ರೋಟೀನಿಗೆ ಒಳ್ಳೆಯದು, ಹೊಸದಾಗಿದ್ದರೆ ಮಾತ್ರ. ಬೂಸ್ಟಿನ ವಿಷ ಗೋವಿನಜೋಳಕ್ಕಿಂತ ಇದರಲ್ಲೇ ಬೇಗ ಕೂಡುತ್ತದೆ. ಕುಸುಬಿ ಹಿಂಡಿಯಲ್ಲಿ ಸಿಪ್ಪೆಯೇ ಹೆಚ್ಚು. ಹತ್ತಿಕಾಳ ಹಿಂಡಿ ಎಮ್ಮೆಗೆ ಅಮೃತವಾದರೂ ತತ್ತಿಗೆ ಹಾಳು. ಅದರಲ್ಲಿರುವ ಗಾಸಿಪಾಲ್ ಎಂಬ ಅಂಶ ಭಂಡಾರದ ಕಬ್ಬಿಣಕ್ಕೆ ಅಂಟಿ, ತತ್ತಿ ನಾಲ್ಕು ದಿನ ಇಟ್ಟರೆ ಒಳಗೆ ಪಾಚಿ ಬಣ್ಣಕ್ಕೆ ತಿರುಗುತ್ತದೆ, ಬಿಳಿಯೂ ಗುಲಾಬಿಯಾಗಬಹುದು. ದನದ ಗೋದಲಿಯ ಹತ್ತಿರ ಕೋಳಿ ತಿರುಗಾಡುವ ಮನೆಯಲ್ಲಿ ತತ್ತಿ ಹೀಗಾದರೆ ಮೊದಲು ಹಿಂಡಿಯ ಬಕೆಟ್ ಮುಚ್ಚಿ ನೋಡಿ.

ಬಣ್ಣದ ಮಾತು ಬಂದಾಗ ಬ್ಯಾಡಗಿಯನ್ನು ಹೇಗೆ ಬಿಡಲಿ. ಖಾರ ಕಡಿಮೆ, ಬಣ್ಣ ಗಾಢ ಎಂದೇ ಹೆಸರಾಗಿ 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೆಣಸಿನಕಾಯಿ. ಅದರ ಕೆಂಪು ಬಣ್ಣ ಕೋಳಿಯ ಹೊಟ್ಟೆಯಿಂದ ನೇರ ಭಂಡಾರಕ್ಕೆ ಇಳಿಯುತ್ತದೆ. ಹಕ್ಕಿಗಳಿಗೆ ಖಾರ ತಟ್ಟುವುದೇ ಇಲ್ಲ, ಆ ಉರಿಯನ್ನು ಗುರುತಿಸುವ ಏರ್ಪಾಡು ಅವುಗಳ ನಾಲಗೆಯಲ್ಲಿ ನಮ್ಮಂತಿಲ್ಲ. ವಾರಕ್ಕೆ ಎರಡು ಸಲ ಒಂದು ಚಿಟಿಕೆ ಮನೆಯ ಖಾರದ ಪುಡಿ ಮ್ಯಾಶಿಗೆ ಬೆರೆಸಿದರೆ ಎಂಟು ಹತ್ತು ದಿನದಲ್ಲಿ ಭಂಡಾರ ಕಿತ್ತಳೆಗೆ ತಿರುಗುವುದನ್ನು ನಾನೇ ಕಂಡಿದ್ದೇನೆ. ಇದರಿಂದ ತತ್ತಿಯ ಪೋಷಣೆಯೇನೂ ಹೆಚ್ಚುವುದಿಲ್ಲ, ಕಣ್ಣಿಗೆ ಮಾತ್ರ ಸೊಗಸು. ಮಾರುಕಟ್ಟೆಯಲ್ಲಿ ಉಳಿದ ಬಿಳಿಚಿದ, ಮಚ್ಚೆ ಬಿದ್ದ ಕಾಯಿ ಬೇಡ, ಅದರಲ್ಲೂ ಬೂಸ್ಟು ಇರುತ್ತದೆ.

ಅಡುಗೆಮನೆಯಿಂದ, ಹಿತ್ತಲಿನಿಂದ

ಒಣರೊಟ್ಟಿ ನೆನೆಸಿ ಹಿಚುಕಿ ಕೊಡಬಹುದು, ಅದೂ ಜೋಳವೇ, ಲೆಕ್ಕದಲ್ಲಿ ಜೋಳಕ್ಕೇ ಹಿಡಿಯಿರಿ. ಉಳಿದ ಗಿರಮಿಟ್, ಚಟ್ನಿ, ಉಪ್ಪಿನಕಾಯಿ, ಹಸಿರು ತಿರುಗಿದ ಆಲೂಗಡ್ಡೆಯ ಸಿಪ್ಪೆ ಬೇಡ. ಸಿಹಿತಿಂಡಿ ಬೇಡ. ಮೂಲಂಗಿ ಸೊಪ್ಪು, ಹಕ್ಕರಿಕಿ, ಮೆಂತ್ಯ, ಕುದುರೆ ಮೆಂತ್ಯ ಏನಿದ್ದರೂ ಕಟ್ಟಿ ನೇತು ಹಾಕಿ. ಹಾರಿ ಹಾರಿ ಕೀಳುತ್ತವೆ, ಅದರಲ್ಲೇ ಅವುಗಳ ಹೊತ್ತು ಹೋಗುತ್ತದೆ. ನುಗ್ಗೆ ಸೊಪ್ಪು ಎಲ್ಲಕ್ಕಿಂತ ಮೇಲು.

ನೀರಿನ ಮೇಲೆ ತೇಲಿ ಬೆಳೆಯುವ ಸಣ್ಣ ಸಸ್ಯ ಅಜೋಲ್ಲಾ ಬಗ್ಗೆ ಜನ ಬಹಳ ಹೇಳುತ್ತಾರೆ. ಒಣಗಿಸಿದ ತೂಕದಲ್ಲಿ ಪ್ರೋಟೀನು ಶೇ. 20 ದಾಟುತ್ತದೆ ಎಂಬುದು ಸರಿ. ಆದರೆ ತೊಟ್ಟಿಯಿಂದ ತೆಗೆದ ಅಜೋಲ್ಲಾದಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲೆ ನೀರೇ. ನೂರು ಗ್ರಾಂ ಹಸಿಯಲ್ಲಿ ಸಿಗುವ ಪ್ರೋಟೀನು ಒಂದೂವರೆ ಗ್ರಾಂ ಆಸುಪಾಸು. ಸೊಪ್ಪಿನ ಜಾಗಕ್ಕೆ ಬಹಳ ಒಳ್ಳೆಯದು, ಮ್ಯಾಶಿನ ಜಾಗಕ್ಕೆ ಆಗದು. ಹಾಕಿ ನೋಡಬೇಕು ಎನ್ನುವವರು ಸೈದಾಪುರ, ಹುಲಕೋಟಿ, ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಕೇಳಿ ನೋಡಿ. ಪ್ರೋಟೀನೇ ಬೇಕೆಂದರೆ ಹಳೆಯ ಕಾಲದ ಗೆದ್ದಲ ಗಡಿಗೆ ಇದೆ: ಹಳೇ ಗಡಿಗೆಗೆ ಒಣ ಸೆಗಣಿ, ಕಣಕಿ ತುಂಬಿ ನೀರು ಚಿಮುಕಿಸಿ ಗೆದ್ದಲು ಓಡಾಡುವ ಜಾಗದಲ್ಲಿ ಬೋರಲು ಹಾಕುವುದು. ಮರುದಿನ ಎತ್ತಿದರೆ ಮರಿಗಳಿಗೆ ಹಬ್ಬ.

ಸುಣ್ಣ ಬೇರೆ, ಹರಳು ಬೇರೆ

ಇವೆರಡನ್ನು ಒಂದೇ ಎಂದುಕೊಳ್ಳುವವರು ಬಹಳ. ಹರಳು ಎಂದರೆ ಹೊಟ್ಟೆಯಲ್ಲಿ ಕಾಳು ಅರೆಯುವ ಕಲ್ಲು. ಕೋಳಿಗೆ ಹಲ್ಲಿಲ್ಲ, ಗಿಜರ್ಡ್ ಎಂಬ ಗಟ್ಟಿ ಹೊಟ್ಟೆಯಲ್ಲಿ ಸಣ್ಣ ಕಲ್ಲು ಇಟ್ಟುಕೊಂಡು ಬೀಸುಕಲ್ಲಿನಂತೆ ಅರೆಯುತ್ತದೆ. ಧಾರವಾಡದ ಪಶ್ಚಿಮಕ್ಕೆ, ಮಸಾರಿ ಎಂಬ ಕೆಂಪು ನೆಲದಲ್ಲಿ ಕೋಳಿ ತಾನೇ ಹೆಕ್ಕಿಕೊಳ್ಳುತ್ತದೆ. ಗದಗ, ಅಣ್ಣಿಗೇರಿ, ನವಲಗುಂದದ ಎರೆಮಣ್ಣಿನಲ್ಲಿ ಹುಡುಕಿದರೂ ಹರಳು ಸಿಗದ ಹಿತ್ತಲುಗಳಿವೆ. ಅಲ್ಲಿ ಕಾಳು ಹಾಕುವವರು ಜೋಳದ ಕಾಳಿನ ಗಾತ್ರದ ದಪ್ಪ ಮರಳನ್ನು ಒಂದು ಬಟ್ಟಲಲ್ಲಿ ಇಡಲೇಬೇಕು. ಬರೀ ಮ್ಯಾಶ್ ತಿನ್ನುವ ಕೋಳಿಗೆ ಇದು ಬೇಡ.

ಸುಣ್ಣ ಎಂದರೆ ಚಿಪ್ಪಿಗೆ. ಮೇವಿನ ಅಂಗಡಿಯಲ್ಲಿ ಕಪ್ಪೆಚಿಪ್ಪಿನ ನುಚ್ಚು ಶೆಲ್ ಗ್ರಿಟ್ ಎಂಬ ಹೆಸರಲ್ಲಿ ಸಿಗುತ್ತದೆ, ನೂರಕ್ಕೆ 38ರ ಸುಮಾರು ಕ್ಯಾಲ್ಸಿಯಂ. ಪುಡಿಗಿಂತ ನುಚ್ಚೇ ಮೇಲು. ಚಿಪ್ಪು ಕಟ್ಟಲು ಇಪ್ಪತ್ತು ತಾಸು ಹಿಡಿಯುತ್ತದೆ, ಅದರ ದೊಡ್ಡ ಪಾಲು ಕೋಳಿ ಮಲಗಿದ ರಾತ್ರಿಯಲ್ಲಿ. ಸಂಜೆ ತಿಂದ ನುಚ್ಚು ಹೊಟ್ಟೆಯಲ್ಲಿ ಉಳಿದು ರಾತ್ರಿಯಿಡೀ ನಿಧಾನ ಕರಗಿ ಒದಗುತ್ತದೆ, ಪುಡಿಯಾದರೆ ಅಷ್ಟರಲ್ಲಿ ಮುಂದೆ ಸಾಗಿರುತ್ತದೆ. ಇದನ್ನು ಮೇವಿಗೆ ಬೆರೆಸದೆ ಬೇರೆ ಬಟ್ಟಲಲ್ಲಿ ಇಡಿ. ತತ್ತಿ ಇಡುವ ಹ್ಯಾಟಿ ತನಗೆ ಬೇಕಾದಷ್ಟು ತಿನ್ನುತ್ತದೆ, ಕಾವಿಗೆ ಕೂತದ್ದು, ಹುಂಜ ಮುಟ್ಟುವುದಿಲ್ಲ. ನಮ್ಮ ಸ್ವರ್ಣಧಾರಗಳು ಸಂಜೆ ಐದರ ಮೇಲೆ ಆ ಬಟ್ಟಲಿಗೇ ಹೋಗಿ ಟಕ್ ಟಕ್ ಎಂದು ಕುಕ್ಕುವುದನ್ನು ಕೇಳಿದರೆ ಯಾರೋ ಹೇಳಿಕೊಟ್ಟಂತೆ ಅನಿಸುತ್ತದೆ.

ಮನೆಯ ತತ್ತಿ ಚಿಪ್ಪನ್ನೇ ಕೊಡಬಹುದೇ? ಕೊಡಬಹುದು. ತೊಳೆದು, ಹೆಂಚಿನ ಮೇಲೆ ಗರಿಗರಿಯಾಗುವ ತನಕ ಹುರಿದು, ಗುರುತು ಸಿಗದಷ್ಟು ನುಚ್ಚು ಮಾಡಿ. ಹಸಿ ಚಿಪ್ಪನ್ನು ಹಾಗೇ ಎಸೆದರೆ ತಮ್ಮ ತತ್ತಿಯನ್ನೇ ಒಡೆದು ತಿನ್ನುವ ಚಟ ಹತ್ತುತ್ತದೆ, ಬಿಡಿಸುವುದು ಕಷ್ಟ. ಗೋಡೆಗೆ ಬಳಿಯುವ ಸುಟ್ಟ ಸುಣ್ಣ ಬೇಡ, ಬಾಯಿ ಗಂಟಲು ಸುಡುತ್ತದೆ.

ಬೇಸಿಗೆಯಲ್ಲಿ ಮಾತ್ರ ಎಷ್ಟೇ ಸುಣ್ಣ ಇಟ್ಟರೂ ಚಿಪ್ಪು ತುಸು ತೆಳುವೇ. ಸೆಕೆಗೆ ಕೋಳಿ ಬಾಯಿ ತೆರೆದು ಏದುಸಿರು ಬಿಡುವಾಗ ಚಿಪ್ಪಿಗೆ ಬೇಕಾದ ಇಂಗಾಲದ ಅಂಶ ಉಸಿರಿನಲ್ಲೇ ಹೊರಟುಹೋಗುತ್ತದೆ. ಮೇವು ತಿನ್ನುವುದೂ ಕಡಿಮೆ. ನನ್ನ ಮಾರ್ಚ್ ತಿಂಗಳ ಮೆತ್ತನೆ ತತ್ತಿಗೆ ಜೋಳದ ಜೊತೆ ಬಿಸಿಲೂ ಕೈ ಜೋಡಿಸಿತ್ತು ಎಂದು ಈಗ ತಿಳಿದಿದೆ. ಏಪ್ರಿಲ್-ಮೇ ತಿಂಗಳಲ್ಲಿ ಮ್ಯಾಶನ್ನು ಬೆಳಗ್ಗೆ ಆರಕ್ಕೇ ಇಡುತ್ತೇನೆ, ಉಳಿದದ್ದನ್ನು ಸಂಜೆ ಐದರ ಮೇಲೆ. ನಡುಹೊತ್ತಿನಲ್ಲಿ ತಿಂದರೆ ಅರಗಿಸುವ ಬಿಸಿಯೂ ಸೇರಿ ಸಂಕಟವಾಗುತ್ತದೆ. ಕಾಳು ಅರ್ಧಕ್ಕಿಳಿಸುತ್ತೇನೆ. ನೀರು ಮಣ್ಣಿನ ಗಡಿಗೆಯಲ್ಲಿ, ನೆರಳಲ್ಲಿ, ದಿನಕ್ಕೆ ಮೂರು ಸಲ ಬದಲು. ಮೇವಿನ ತೂಕದ ಎರಡು ಪಟ್ಟು ನೀರು ಮಾಮೂಲು, ಸೆಕೆಯಲ್ಲಿ ಅದಕ್ಕೂ ಮೇಲೆ.

ಪುಚ್ಚ ಉದುರುವ ಕಾಲದಲ್ಲಿ ತತ್ತಿ ನಿಲ್ಲುತ್ತದೆ, ಆಗ "ತತ್ತಿ ಇಲ್ಲವಲ್ಲ, ಕಾಳೇ ಸಾಕು" ಎಂದು ಮ್ಯಾಶ್ ನಿಲ್ಲಿಸುವುದು ತಪ್ಪು. ಗರಿಯ ಬಹುಪಾಲು ಪ್ರೋಟೀನೇ. ಆಗ ಕಾಳು ಕಡಿಮೆ ಮಾಡಿ, ನೆನೆಸಿದ ಸೋಯಾ ಹಿಂಡಿ ಅಥವಾ ಬೇಯಿಸಿದ ಹೆಸರು ಒಂದಿಷ್ಟು ಹೆಚ್ಚಿಸಿ.

ಹಾಗಾದರೆ ಯಾರಿಗೆ ಯಾವುದು

ಹಳ್ಳಿಯಲ್ಲಿ ಕಣ, ತಿಪ್ಪೆ, ಹೊಲ ಇದ್ದು ಜವಾರಿ ಕೋಳಿ ಮಾತ್ರ ಇದ್ದವರು ಅವ್ವನ ದಾರಿಯಲ್ಲೇ ಹೋಗಿ. ಸಂಜೆ ಹಿಡಿ ಜೋಳ, ಒಂದು ಬಟ್ಟಲು ಚಿಪ್ಪಿನ ನುಚ್ಚು, ಸಾಕು. ಮರಿ ಮಾಡಿಸುವ ಹೊತ್ತಿಗೆ ಮ್ಯಾಶ್ ಸ್ವಲ್ಪ ಕೊಟ್ಟರೆ ಮರಿ ಗಟ್ಟಿಯಾಗುತ್ತವೆ. ಅದೇ ಹಳ್ಳಿಯಲ್ಲಿ ಗಿರಿರಾಜ, ಸ್ವರ್ಣಧಾರ ಇದ್ದರೆ ದಿನಕ್ಕೆ 60-70 ಗ್ರಾಂ ಮ್ಯಾಶ್ ಕೊಟ್ಟು ಉಳಿದದ್ದನ್ನು ತಿರುಗಾಡಿ ತಿನ್ನಲು ಬಿಡಿ. ಊರಿನ ಹಿತ್ತಲು, ತಾರಸಿ, ಜಾಲರಿಯ ಗೂಡು ಎಂದರೆ ಮ್ಯಾಶೇ ಊಟ, ಕಾಳು ಸಂಜೆಯ ಎರಡು ಹಿಡಿ ಮಾತ್ರ. ಫಾರ್ಮಿನ ಲೇಯರ್ ತಂದು ಸಾಕುವವರು ಕಾಳನ್ನು ಇನ್ನೂ ಕಡಿಮೆ ಮಾಡಿ, ಆ ತಳಿಗೆ ಒಂದು ದಿನದ ಕೊರತೆಯೂ ತಡೆಯುವುದಿಲ್ಲ. ಮನೆಯ ಗೋವಿನಜೋಳ ಇದ್ದು ಇಪ್ಪತ್ತರ ಹತ್ತಿರ ಕೋಳಿ ಇದ್ದವರಿಗೆ ಕಾನ್ಸಂಟ್ರೇಟ್.

ಕೊಳ್ಳುವ ಲೆಕ್ಕ: ಆರು ಕೋಳಿ ದಿನಕ್ಕೆ 650 ಗ್ರಾಂ ತಿಂದರೆ 50 ಕಿಲೋ ಚೀಲ ಎರಡೂವರೆ ತಿಂಗಳು ಬರುತ್ತದೆ. ಚೀಲ ಅಗ್ಗ ಬೀಳುತ್ತದೆ ನಿಜ, ಆದರೆ ಜುಲೈ-ಆಗಸ್ಟಿನ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಅಷ್ಟು ದಿನ ಇಟ್ಟರೆ ವಿಟಮಿನ್ ಹೋಗಿ ಬೂಸ್ಟು ಬರುತ್ತದೆ. ಮಳೆಗಾಲದಲ್ಲಿ ನಾವು ಎರಡು ಮನೆಯವರು ಸೇರಿ ಒಂದು ಚೀಲ ಹಂಚಿಕೊಳ್ಳುತ್ತೇವೆ. ಮುಚ್ಚಳ ಬಿಗಿಯಾದ ಡ್ರಮ್ಮಿನಲ್ಲಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಬೇಕು.

ಹೊಸ ಮೇವಿಗೆ ಬದಲಾಯಿಸುವಾಗ ಒಂದು ವಾರ ಹಿಡಿದು ಬೆರೆಸುತ್ತಾ ಹೋಗಿ. ಜೋಳಕ್ಕೆ ಒಗ್ಗಿದ ಕೋಳಿ ಮ್ಯಾಶ್ ಮುಟ್ಟದಿದ್ದರೆ ಸ್ವಲ್ಪ ನೀರೋ ಮಜ್ಜಿಗೆಯೋ ಚಿಮುಕಿಸಿ ಉಂಡೆ ಕಟ್ಟುವ ಹದಕ್ಕೆ ಕಲಸಿ ಇಡಿ, ತಿನ್ನುತ್ತವೆ. ಕಲಸಿದ್ದು ಮಧ್ಯಾಹ್ನದೊಳಗೆ ಖಾಲಿಯಾಗಬೇಕು, ಹುಳಿಯಾದದ್ದನ್ನು ಎಸೆಯಿರಿ.

ಸರಿಯಾಗುತ್ತಿದೆಯೋ ಇಲ್ಲವೋ ಎಂದು ಕೈಯಿಂದಲೇ ನೋಡಬಹುದು. ರಾತ್ರಿ ಗೂಡಿನಲ್ಲಿ ಕೂತ ಹ್ಯಾಟಿಯನ್ನು ಮೆಲ್ಲಗೆ ಎತ್ತಿ ಎದೆಯ ಮೇಲೆ ಬಲಗಡೆ ಮುಟ್ಟಿ. ಗಂಟಲ ಚೀಲ ತುಂಬಿ ಮೆತ್ತನೆ ಚೆಂಡಿನಂತೆ ಇರಬೇಕು, ಬೆಳಗ್ಗೆ ಮ್ಯಾಶ್ ಇಡುವ ಮೊದಲು ಪೂರಾ ಖಾಲಿ. ಬೆಳಗ್ಗೆಯೂ ಗಟ್ಟಿಯಾಗಿದ್ದರೆ ರೊಟ್ಟಿಯ ಮುದ್ದೆಯೋ ಉದ್ದನೆ ಹುಲ್ಲೋ ಸಿಕ್ಕಿಕೊಂಡಿದೆ, ಆ ದಿನ ನೀರು ಮಾತ್ರ ಕೊಟ್ಟು ಪಶುವೈದ್ಯರಿಗೆ ತೋರಿಸಿ. ಆಮೇಲೆ ಎದೆಯ ನಡುಮೂಳೆಯ ಮೇಲೆ ಬೆರಳಾಡಿಸಿ. ಕತ್ತಿಯ ಅಲಗಿನಂತೆ ಚೂಪಾಗಿದ್ದರೆ ಮೇವು ಸಾಲುತ್ತಿಲ್ಲ. ಮಾಂಸ ಕೊಬ್ಬಿನಲ್ಲಿ ಮುಳುಗಿ ಮೂಳೆಯೇ ಸಿಗದಿದ್ದರೆ ಸಂಜೆಯ ಕಾಳು ಹೆಚ್ಚಾಗಿದೆ. ನಾನು ಪ್ರತಿ ಅಮಾವಾಸ್ಯೆಯ ರಾತ್ರಿ ಆರನ್ನೂ ಹೀಗೆ ಮುಟ್ಟಿ ನೋಡುತ್ತೇನೆ. ಕತ್ತಲು ದಟ್ಟವಾಗಿರುತ್ತದೆ, ಕೋಳಿಗಳು ಗಾಬರಿಯಾಗದೆ ಕೈಯಲ್ಲೇ ನಿದ್ದೆ ಮಾಡುತ್ತವೆ.